ಒಂದೇ ಕ್ಲಿಕ್ಕಿಗೆ ಇಡೀ ಸಾಲು ನೀಲಿ

ಮಾರ್ಚ್ ೩, ಸೋಮವಾರ

ನಿನ್ನೆ ಬರೆದ ಪುಟವನ್ನು ಹರಿದು ಹಾಕಿದೆ. ಎರಡನೆಯ ಸಾಲಿನಲ್ಲಿ ಒಂದು ಪದ ಹಿಡಿಸಲಿಲ್ಲ. ಆ ಪದವೊಂದನ್ನೇ ಹೊಡೆದುಹಾಕಿ ಮುಂದುವರಿಯಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಯಾರೂ ಕೇಳುವುದಿಲ್ಲ, ಏಕೆಂದರೆ ಇದನ್ನು ಓದುವವಳು ನಾನೊಬ್ಬಳೇ, ನನಗೆ ನನ್ನ ಮೇಲೆ ಯಾವ ತಕರಾರೂ ಇಲ್ಲ.

ಇವತ್ತು ಬಿಸಿನೀರು ಕೋಣೆಗೆ ಕರೆದರು. ಬಿಸಿನೀರು ಎಂದರೆ ನಮ್ಮ ಮುಖ್ಯಸ್ಥರು. ಹಗಲೆಲ್ಲ ಅದೊಂದನ್ನೇ ಕುಡಿಯುತ್ತಾರೆ, ಕುಡಿಯುವ ಮುಂಚೆ ಊದುತ್ತಾರೆ, ಊದುತ್ತಲೇ ಮಾತಾಡುತ್ತಾರೆ.

"ತಿಂಗಳ ಕೊನೇಗೆ ಹೊಸ ಆವೃತ್ತಿ ಬಿಡ್ತಿದೀವಿ. ಅಷ್ಟರೊಳಗೆ ಹಳೇ ದೂರುಗಳೆಲ್ಲ ಮುಚ್ಚಬೇಕು. ಆ ಕ್ಲಿಕ್ ಜಗಳ ನಿನಗೆ ಬಿಟ್ಟಿದೀನಮ್ಮ."

"ಅದನ್ನ ಯಾರೂ ಮುಟ್ಟಲ್ಲ ಸರ್."

"ಅದಕ್ಕೇ ನಿನಗೆ," ಎಂದು ಲೋಟ ಊದಿದರು.

ನಮ್ಮದು ಬ್ರೌಸರ್ ಮಾಡುವ ಸಣ್ಣ ಕಂಪನಿ. ಗ್ರಂಥಾಲಯಗಳು, ಮುದ್ರಣಾಲಯಗಳು, ನಾಲ್ಕಾರು ಆಫೀಸುಗಳು ನಮ್ಮದನ್ನು ಬಳಸುತ್ತವೆ. ನಾನು ದೂರು ವಿಭಾಗದಲ್ಲಿದ್ದೇನೆ, ಅಂದರೆ ಇಡೀ ದೂರು ವಿಭಾಗ ನಾನೇ. ಪ್ರತಿ ದೂರಿಗೂ ಒಂದು ಪುಟ. ಅದನ್ನು ಯಾರು ಬೇಕಾದರೂ ಓದಬಹುದು, ಕೆಳಗೆ ಉತ್ತರ ಬರೆಯಬಹುದು, ಬರೆದದ್ದು ಆ ಪುಟದ ಚಂದಾದಾರರೆಲ್ಲರಿಗೂ ಆ ಕ್ಷಣವೇ ಮೇಲ್ ಆಗಿ ಹೋಗುತ್ತದೆ. ಮುಚ್ಚಿದ ಮೇಲೆ ಮಾತ್ರ ಯಾರೂ ಒಂದಕ್ಷರ ಸೇರಿಸುವಂತಿಲ್ಲ.

ಜಗಳ ಇಷ್ಟೇ. ಅಡ್ರೆಸ್ ಬಾರಿನ ಮೇಲೆ ಮೌಸಿನಿಂದ ಒಂದು ಸಲ ಕ್ಲಿಕ್ ಮಾಡಿದರೆ ಏನಾಗಬೇಕು? ನಮ್ಮಲ್ಲಿ ಈಗ ಇಡೀ ವಿಳಾಸ ನೀಲಿಯಾಗಿ ಆಯ್ಕೆಯಾಗುತ್ತದೆ. ಏನು ಟೈಪ್ ಮಾಡಿದರೂ ಹಳೆಯದೆಲ್ಲ ಅಳಿಸಿ ಹೊಸದು ಬರುತ್ತದೆ. ಇದು ಬೇಕೆನ್ನುವವರು ನೀಲಿ ಪಕ್ಷ. ಬೇಡ, ಕ್ಲಿಕ್ ಮಾಡಿದ ಜಾಗದಲ್ಲಿ, ಎರಡು ಅಕ್ಷರಗಳ ನಡುವೆ, ಕರ್ಸರಿನ ಕಡ್ಡಿ ನಿಂತರೆ ಸಾಕು ಎನ್ನುವವರು ಕಡ್ಡಿ ಪಕ್ಷ. ಒಂಬತ್ತು ವರ್ಷದಿಂದ ಒಬ್ಬರ ಜುಟ್ಟು ಒಬ್ಬರು ಹಿಡಿದುಕೊಂಡು ಕೂತಿದ್ದಾರೆ. ನಾನು ಹುಟ್ಟಾ ನೀಲಿ. ಸಂಜೆ ಹೊರಡುವ ಮುಂಚೆ ಆ ಪುಟದಲ್ಲಿ ಬರೆದು ಬಂದೆ: "ಒಂದು ಕ್ಲಿಕ್ಕಿಗೆ ಪೂರ್ತಿ ಆಯ್ಕೆ ಎಂಬುದೇ ಮುಂದುವರಿಯಲಿದೆ. ಯಾರಿಗಾದರೂ ಹೇಳುವುದಿದ್ದರೆ ಈಗಲೇ ಹೇಳಿ."

ಈ ವಾರವೇ ಮುಗಿಸಿಬಿಡುತ್ತೇನೆ.

ಮಾರ್ಚ್ ೪, ಮಂಗಳವಾರ

ಮೈಯೆಲ್ಲ ಉರಿದುಹೋಯಿತು. 'ಅರ್ಧವಿರಾಮ' ಎಂಬ ಹೆಸರಿನವನೊಬ್ಬ ಬರೆದಿದ್ದಾನೆ. ಅವನು ಸಭ್ಯ. ಸಭ್ಯರ ಜೊತೆ ಜಗಳವಾಡುವಷ್ಟು ಕಷ್ಟ ಬೇರೆ ಇಲ್ಲ.

"ಮಾನ್ಯರೆ, ನಾನು ಕರಡು ತಿದ್ದುವವನು. ದಿನಕ್ಕೆ ಹತ್ತಾರು ವಿಳಾಸಗಳು ನನ್ನ ಮೇಜಿಗೆ ಬರುತ್ತವೆ, ಪ್ರತಿಯೊಂದರಲ್ಲೂ ಒಂದಕ್ಷರ ತಪ್ಪಿರುತ್ತದೆ. ಆ ಒಂದಕ್ಷರ ಸರಿಪಡಿಸೋಣವೆಂದು ಬಾಗಿಲು ತಟ್ಟಿದರೆ ನೀವು ಇಡೀ ಮನೆಯನ್ನೇ ನನ್ನ ಕೈಗೆ ಕೊಟ್ಟು ಕೆಡವಿಕೊ ಎನ್ನುತ್ತೀರಿ. ಇನ್ನೊಂದು ಮಾತು. ನಮ್ಮ ಮುದ್ರಣಾಲಯದಲ್ಲಿ ಬಳಸುವಂಥ ಕಂಪ್ಯೂಟರುಗಳಲ್ಲಿ ನೀಲಿಯಾದದ್ದೆಲ್ಲ ತಾನಾಗಿಯೇ ನಕಲಾಗುತ್ತದೆ, ಮೌಸಿನ ನಡುವಿನ ಗಾಲಿ ಒತ್ತಿದಲ್ಲಿ ಅಂಟಿಕೊಳ್ಳುತ್ತದೆ. ನಾನು ಎಲ್ಲಿಂದಲೋ ಒಂದು ವಾಕ್ಯ ಎತ್ತಿಕೊಂಡು ಹೊರಟಿರುತ್ತೇನೆ. ದಾರಿಯಲ್ಲಿ ಅಡ್ರೆಸ್ ಬಾರ್ ಮುಟ್ಟಿದರೆ ಸಾಕು, ಆ ವಾಕ್ಯ ಉದುರಿ ಬಾರಿನಲ್ಲಿದ್ದದ್ದು ಕೈಗೆ ಬಂದಿರುತ್ತದೆ. ಒಂದಲ್ಲ ಒಂದು ದಿನ ಇದರಿಂದ ಯಾರದಾದರೂ ಮಾನ ಹೋಗುತ್ತದೆ."

ಮಾನ ಹೋಗುತ್ತದಂತೆ! ನಮ್ಮ ಆಫೀಸಿನಲ್ಲೂ ಅಂಥವೇ ಕಂಪ್ಯೂಟರುಗಳು. ಇಷ್ಟು ವರ್ಷದಲ್ಲಿ ಯಾರ ಮಾನವೂ ಹೋಗಿಲ್ಲ. "ಅಂಟಿಸುವ ಮುಂಚೆ ಕಣ್ಣು ಬಿಟ್ಟು ನೋಡುವವರಿಗೆ ಏನೂ ಆಗುವುದಿಲ್ಲ" ಎಂದು ಉತ್ತರಿಸಿದೆ. ತುಂಬಾ ಚೆನ್ನಾಗಿ ಬಂತು. ಊಟಕ್ಕೆ ಕೂತಾಗ ಅಕ್ಕನಿಗೂ ಓದಿ ಹೇಳಿದೆ.

ಅಕ್ಕ ಹಲ್ಲಿನ ಡಾಕ್ಟರು, ಮನೆಯ ಮುಂದಿನ ಕೋಣೆಯೇ ಅವಳ ಕ್ಲಿನಿಕ್. ಬಾಯಿ ತೆರೆದು ಮಲಗಿದ, ಉತ್ತರ ಕೊಡಲಾಗದ ಜನರ ಜೊತೆ ಮಾತಾಡಿ ಮಾತಾಡಿ ಅವಳಿಗೆ ನಾನು ಉತ್ತರ ಕೊಟ್ಟರೆ ಆಗುವುದಿಲ್ಲ.

"ನಿನಗೆ ಸರಿಯಾದ ಕೆಲಸಾನೇ ಕೊಟ್ಟಿದಾರೆ ಬಿಡು," ಎಂದಳು. "ಒಂದಕ್ಷರ ತಪ್ಪಿದ್ರೆ ಇಡೀ ಮನುಷ್ಯನ್ನೇ ಅಳಿಸೋಳು ನೀನು. ಆ ಹುಡುಗ ಮೊದಲನೇ ಸಲ ಲೇಟಾಗಿ ಬಂದ ಅಂತ ಮದುವೆ ಮಾತೇ ಮುರಿದೆ. ನಿನ್ನ ಗೆಳತಿ ಪಿಟೀಲಿನ ಜೊತೆ ಎರಡು ವರ್ಷದಿಂದ ಮಾತಿಲ್ಲ. ಯಾಕೆ ಅಂತ ನಿನಗಾದ್ರೂ ಜ್ಞಾಪಕ ಇದ್ಯಾ?"

"ಇದೆ," ಎಂದೆ.

ಇಲ್ಲ. ಆದರೆ ಏನೋ ದೊಡ್ಡದೇ ಇದ್ದಿರಬೇಕು.

ಮಾರ್ಚ್ ೭, ಶುಕ್ರವಾರ

ಅರ್ಧವಿರಾಮನಿಂದ ಸದ್ದಿಲ್ಲ. ಸೋತ.

ಮಧ್ಯಾಹ್ನ ನಾಲ್ಕಾರು ಸಲ ಪುಟ ತೆರೆದು ನೋಡಿದೆ, ನಿಜಕ್ಕೂ ಸೋತಿದ್ದಾನೆಯೇ ಎಂದು ಖಾತ್ರಿಪಡಿಸಿಕೊಳ್ಳಲು. ಕೆಲಸದಲ್ಲಿ ಇಷ್ಟು ಶ್ರದ್ಧೆ ಬೇಕೇ ಬೇಕು.

ಮಾರ್ಚ್ ೧೦, ಸೋಮವಾರ

ಸೋತಿಲ್ಲ! ಸೋತಿಲ್ಲ! ಬೆಳಿಗ್ಗೆ ಬಂದು ನೋಡಿದರೆ ಒಂದು ಗಜ ಉದ್ದದ ಉತ್ತರ ಬಿದ್ದಿದೆ. ಎರಡು ಕ್ಲಿಕ್ಕಿಗೆ ಒಂದು ಪದ, ಮೂರಕ್ಕೆ ಇಡೀ ಸಾಲು, ಬೇಕಾದವರು ಮೂರು ಸಲ ಒತ್ತಿಕೊಳ್ಳಲಿ ಎಂಬ ವಾದ. ನಾನು ಕೂಡಲೇ, ಒಂದರಲ್ಲಿ ಆಗುವ ಕೆಲಸಕ್ಕೆ ಮೂರು ಸಲ ಬೆರಳಾಡಿಸುವವರು ಬಾಗಿಲು ತೆರೆದಿದ್ದರೂ ಗೋಡೆ ಹತ್ತುವವರು ಎಂದು ಬರೆದೆ. ಅವನು, ಗೋಡೆಯ ಮೇಲಿಂದ ನೋಟ ಚೆನ್ನಾಗಿರುತ್ತದೆ ಎಂದ. ನಾನು, ಬಿದ್ದರೆ ಅಕ್ಕನ ಕ್ಲಿನಿಕ್ಕಿಗೇ ಬರಬೇಕಾಗುತ್ತದೆ ಎಂದು ಬರೆದು, ಕಳಿಸುವ ಮುಂಚೆ ನಾಲಿಗೆ ಕಚ್ಚಿಕೊಂಡು 'ಅಕ್ಕನ' ಎಂಬ ಪದವನ್ನಷ್ಟೇ ತೆಗೆದೆ.

ಅಸಲು ಸಂಗತಿ ಬರೆಯುವುದೇ ಮರೆತೆ. ಕೊನೆಯಲ್ಲಿ ಅವನು ಬರೆದಿದ್ದು: "ಉತ್ತರ ತಡವಾಯಿತು, ಕ್ಷಮಿಸಿ. ಗುರುವಾರ ಸೇತುವೆಯ ಮೇಲೆ ಬಸ್ಸು ಅಡ್ಡಲಾಗಿ ಕೆಟ್ಟು ನಿಂತು ಇಡೀ ಊರಿನ ಕೆಲಸ ಹಿಂದೆ ಬಿತ್ತು."

ಗುರುವಾರ ಆ ಸೇತುವೆಯ ಮೇಲೆ, ಆ ಬಸ್ಸಿನ ಹಿಂದಿನ ಬಸ್ಸಿನಲ್ಲಿ, ನಾನಿದ್ದೆ! ಕಿಟಕಿಯಿಂದ ತಲೆ ಹಾಕಿ ಡ್ರೈವರಿಗೆ ಸಲಹೆ ಕೂಡ ಕೊಟ್ಟಿದ್ದೆ. ಅಂದರೆ ಆಸಾಮಿ ಈ ಊರಿನವನೇ. ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಎದುರಿಗೆ ಕೂರುವ ಪ್ರೋಗ್ರಾಮರ್, ನಾವೆಲ್ಲ ಟೋಪಿ ಎಂದು ಕರೆಯುವವನು, ತನ್ನ ಉಣ್ಣೆ ಟೋಪಿಯನ್ನು ಕಿವಿಯಿಂದ ಮೇಲೆತ್ತಿ, "ಏನಾಯ್ತು? ಸರ್ವರ್ ಬಿತ್ತಾ?" ಎಂದು ಕೇಳಿದ.

"ಇಲ್ಲ. ಕಾಲು ಜೋಮು ಹಿಡೀತು," ಎಂದೆ.

ಮಾರ್ಚ್ ೧೩, ಗುರುವಾರ

ಶತ್ರುವಿನ ಬಲ ತಿಳಿಯದೆ ಸೋಲಿಸುವುದು ಹೇಗೆ? ಟೋಪಿಯನ್ನು ಪೀಡಿಸಿ, ಒಂದು ಕ್ಲಿಕ್ಕಿಗೆ ಕಡ್ಡಿ ನಿಲ್ಲುವ ಪರೀಕ್ಷಾ ಆವೃತ್ತಿಯೊಂದನ್ನು ನನ್ನ ಕಂಪ್ಯೂಟರಿಗೆ ಹಾಕಿಸಿಕೊಂಡೆ. "ಒಂದೇ ಸಾಲಿನ ಬದಲಾವಣೆ," ಎಂದ ಟೋಪಿ. "ಒಂಬತ್ತು ವರ್ಷ ಕೂತು ಜಗಳ ಆಡೋ ಬದಲು ಹೀಗೆ ಹಾಕಿ ನೋಡಬಹುದಿತ್ತು."

ಅಸಹ್ಯ ಆವೃತ್ತಿ. ಕಡ್ಡಿ ಸೊಳ್ಳೆಯ ಕಾಲಿನಷ್ಟು ಸಣ್ಣದಾಗಿ ಮಿಣುಕುತ್ತದೆ. ನಾಳೆಯೇ ತೆಗೆಸುತ್ತೇನೆ.

ಸಂಜೆ ನನ್ನ ಕೊಡೆಯ ಒಂದು ಕಡ್ಡಿ ಮುರಿಯಿತು. ಎಸೆಯಲು ಹೋಗಿ, ಉಳಿದವು ಚೆನ್ನಾಗಿಯೇ ಇವೆಯಲ್ಲ ಎನಿಸಿ, ಅಕ್ಕನ ಕ್ಲಿನಿಕ್ಕಿನಿಂದ ಹಲ್ಲಿಗೆ ಕಟ್ಟುವ ತಂತಿ ತಂದು ಬಿಗಿದೆ. ಅಕ್ಕ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಮೈ ಹುಷಾರಿದೆ ತಾನೆ?"

"ಯಾಕೆ?"

"ಏನಿಲ್ಲಪ್ಪ," ಎಂದು ಹೋದಳು.

ಮಾರ್ಚ್ ೧೭, ಸೋಮವಾರ

ಕಡ್ಡಿ ಆವೃತ್ತಿ ತೆಗೆಸಲು ಸಮಯವೇ ಸಿಗಲಿಲ್ಲ.

ಅರ್ಧವಿರಾಮ ಇವತ್ತು ಒಂದು ವಿಚಿತ್ರ ಪ್ರಶ್ನೆ ಕೇಳಿದ್ದಾನೆ. "ಇಡೀ ವಿಳಾಸ ನೀಲಿಯಾಗಿ, ಕೈತಪ್ಪಿ ಅಳಿಸಿಹೋದರೆ, ಎಸ್ಕೇಪ್ ಕೀ ಒತ್ತಿದರೆ ವಾಪಸ್ ಬರುತ್ತದೆಯೇ? ನನ್ನ ಸ್ನೇಹಿತರೊಬ್ಬರಿಗಾಗಿ ಕೇಳುತ್ತಿದ್ದೇನೆ." ಬರುತ್ತದೆ ಎಂದು ತಿಳಿಸಿ, ನಿಮ್ಮ ಸ್ನೇಹಿತರು ವಿವೇಕಿಗಳು, ಅವರಿಗೆ ನಮಸ್ಕಾರ ಹೇಳಿ ಎಂದೆ. "ಹೇಳಿದೆ. ನಾಚಿಕೊಂಡರು," ಎಂದು ಉತ್ತರ ಬಂತು. ಆಫೀಸಿನಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಬಿಸಿನೀರು ಕೋಣೆಯಿಂದ ಹೊರಗೆ ಬಂದು ನೋಡಿ ಒಳಗೆ ಹೋದರು.

ಪುಟದ ಚಂದಾದಾರರು ನೂರಾರು ಜನ, ಮೇಲ್ ಹೋದಂತೆಲ್ಲ ಗೊಣಗುತ್ತಿದ್ದಾರೆ. 'ಹಳೇಮೌಸ್' ಎಂಬವರು, "ನೀವಿಬ್ಬರೂ ಎಲ್ಲಾದರೂ ಕೂತು ಮಾತಾಡಿಕೊಳ್ಳಬಾರದೇ?" ಎಂದು ಬರೆದರು. ಆಗುವುದಿಲ್ಲ. ಕಂಪನಿಯ ನಿಯಮವಿದೆ: ದೂರುದಾರರ ಜೊತೆ ಪುಟದ ಹೊರಗೆ ಮಾತುಕತೆ ಇಲ್ಲ. ಅದನ್ನು ಅಲ್ಲೇ ಸ್ಪಷ್ಟವಾಗಿ ಬರೆದೆ. ಬರೆದ ಮೇಲೆ ನಿಯಮ ಮಾಡಿದವರ ಮೇಲೆ ಸುಮ್ಮನೆ ಕೋಪ ಬಂತು.

ಹೊಸ ಅಂಗಿ ಕೊಂಡೆ. ಸಾಸಿವೆ ಬಣ್ಣ. ಹಳೆಯವು ಹಳತಾಗಿದ್ದವು, ಅದಕ್ಕೇ.

ಮಾರ್ಚ್ ೨೦, ಗುರುವಾರ

ಪಿಟೀಲಿಗೆ ಫೋನು ಮಾಡಿದೆ. ಮುಖ್ಯವಾದ ಕಾರಣವಿತ್ತು: ಅವಳು ನುಡಿಸುವ ಕಛೇರಿಗಳ ಕರಪತ್ರ ಮುದ್ರಿಸುವವರು ಯಾರು, ಈ ಊರಿನಲ್ಲಿ ಒಟ್ಟು ಎಷ್ಟು ಮುದ್ರಣಾಲಯಗಳಿವೆ ಎಂದು ತಿಳಿಯಬೇಕಿತ್ತು. ಕೆಲಸದ ವಿಷಯ.

"ಯಾರೇ ಅದು?" ಎಂದಳು.

"ನಾನು."

"ಎರಡು ವರ್ಷ ಆಯ್ತು ಕಣೇ ಕತ್ತೆ," ಎಂದಳು. ಆಮೇಲೆ ಇಬ್ಬರೂ ಒಟ್ಟಿಗೇ ಅಳುವುದಕ್ಕೂ ನಗುವುದಕ್ಕೂ ಶುರು ಮಾಡಿದೆವು. ಜಗಳ ಯಾವುದರ ಬಗ್ಗೆ ಇತ್ತು ಎಂದು ಅವಳಿಗೂ ನೆನಪಿಲ್ಲ. ನಾನು ಅವಳ ನುಡಿಸುವಿಕೆಯ ಬಗ್ಗೆ ಏನೋ ಅಂದಿರಬೇಕು ಎಂದಳು. ಅಂದಿರಬಹುದು. ಮುದ್ರಣಾಲಯಗಳ ವಿಷಯ ಕೇಳುವುದು ಮರೆತೇಹೋಯಿತು.

ಅರ್ಧವಿರಾಮನ ಇವತ್ತಿನ ಸಾಲು: "ಈ ದಿನ ಒಂದು ವಿಳಾಸವನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆದೆ. ಹಗುರವೆನಿಸಿತು. ಇದನ್ನು ನನ್ನ ಪಕ್ಷದವರಿಗೆ ತಿಳಿಸಬೇಡಿ." ನೂರಾರು ಜನರಿಗೆ ಮೇಲ್ ಹೋಗುವ ಪುಟದಲ್ಲಿ ಬರೆದು ತಿಳಿಸಬೇಡಿ ಎನ್ನುತ್ತಾನೆ! ಪೆದ್ದ.

ಈ ಪುಟದಲ್ಲಿ ಎರಡು ಕಡೆ ಪದ ಹೊಡೆದುಹಾಕಿ ಮೇಲೆ ಬರೆದಿದ್ದೇನೆ. ಗಲೀಜಾಗಿದೆ. ಇರಲಿ.

ಮಾರ್ಚ್ ೨೪, ಸೋಮವಾರ

ಬಿಸಿನೀರು ಮತ್ತೆ ಕರೆದರು.

"ಶುಕ್ರವಾರ ಸಾಯಂಕಾಲದೊಳಗೆ ಕ್ಲಿಕ್ ಜಗಳ ಮುಚ್ಚಮ್ಮ."

"ಸರ್, ಇನ್ನೂ ಅಧ್ಯಯನ ಬೇಕು. ಕೆಲವು ವಾದಗಳು ಈಗಷ್ಟೇ ಬರ್ತಾ ಇವೆ."

"ಒಂಬತ್ತು ವರ್ಷ ಆಯ್ತಲ್ಲಮ್ಮ."

"ಎಡಗೈ ಬಳಸೋರ ಅಭಿಪ್ರಾಯ ಯಾರೂ ಕೇಳಿಲ್ಲ ಸರ್."

"ಶುಕ್ರವಾರ," ಎಂದರು, ಊದದೆಯೇ ಕುಡಿದರು. ಅಂದರೆ ನಿರ್ಧಾರವಾಗಿದೆ ಎಂದರ್ಥ.

ಮೇಜಿಗೆ ಬಂದು ಕೂತೆ. ಶುಕ್ರವಾರ ನಾನೊಂದು ಗುಂಡಿ ಒತ್ತುತ್ತೇನೆ, ಪುಟ ಮುಚ್ಚುತ್ತದೆ, ಶನಿವಾರದಿಂದ ಅವನಿಗೆ ನನ್ನನ್ನು ಬೈಯಲು ಜಾಗವೇ ಇರುವುದಿಲ್ಲ. ಅವನ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಇರುವ ಬೀದಿ ಗೊತ್ತಿಲ್ಲ. ಇದೇ ಊರಿನಲ್ಲಿ ಎಲ್ಲೋ ಕೂತು ಬೇರೆ ಯಾರದೋ ಅಕ್ಷರ ತಿದ್ದುತ್ತಿರುತ್ತಾನೆ. ನಾನು ಬಸ್ಸಿನಲ್ಲಿ ಅವನ ಪಕ್ಕದಲ್ಲೇ ಕೂತಿದ್ದರೂ ತಿಳಿಯುವುದಿಲ್ಲ.

ಬರೆದೇಬಿಡುತ್ತೇನೆ, ಓದುವವಳು ನಾನೊಬ್ಬಳೇ ತಾನೆ. ಬೆಳಿಗ್ಗೆ ಎದ್ದರೆ ಅವನ ಜೊತೆ ಜಗಳವಾಡುವ ಆಸೆಯಾಗುತ್ತದೆ. ಹಲ್ಲುಜ್ಜುವಾಗಲೇ ವಾದ ಹೊಳೆಯುತ್ತದೆ. ಬೇರೆ ಯಾರ ಜೊತೆ ಗೆದ್ದರೂ ಇಷ್ಟು ಖುಷಿಯಿಲ್ಲ. ಇದನ್ನು ಏನೆನ್ನುತ್ತಾರೋ ನನಗೆ ಗೊತ್ತಿಲ್ಲ.

ಅಕ್ಕನಿಗೆ ಇಷ್ಟನ್ನೇ ಹೇಳಿದೆ. ಅಕ್ಕ ಕೈಗವಸು ಕೂಡ ಬಿಚ್ಚದೆ ನಕ್ಕಳು. ಕುರ್ಚಿಯಲ್ಲಿ ಬಾಯಿ ತೆರೆದುಕೊಂಡಿದ್ದ ಮುದುಕರೂ ಗೊರಗೊರ ಎಂದು ನಕ್ಕರು. "ಇದನ್ನ ಏನು ಅಂತಾರೋ ಇವರಿಗೂ ಗೊತ್ತು ಕಣೇ," ಎಂದಳು.

ಮಾರ್ಚ್ ೨೬, ಬುಧವಾರ

ತೀರ್ಪು ಬರೆದೆ. "ಎಲ್ಲ ವಾದಗಳನ್ನೂ ಪರಿಶೀಲಿಸಲಾಗಿದೆ. ಪೂರ್ತಿ ಆಯ್ಕೆ ಮುಂದುವರಿಯುತ್ತದೆ. ದೂರನ್ನು ಶುಕ್ರವಾರ ಮುಚ್ಚಲಾಗುವುದು. ಭಾಗವಹಿಸಿದವರಿಗೆ ವಂದನೆಗಳು."

ಕಳಿಸಲಿಲ್ಲ. ನಾಳೆ.

ಮಾರ್ಚ್ ೨೭, ಗುರುವಾರ

ನಾನು ಊರು ಬಿಡಬೇಕು. ಹೆಸರು ಬದಲಾಯಿಸಿಕೊಳ್ಳಬೇಕು. ಕ್ರಮವಾಗಿ ಬರೆಯುತ್ತೇನೆ, ಬರೆದರೆ ಕಡಿಮೆ ಭಯಂಕರವಾಗಿ ಕಾಣಬಹುದು.

ಬೆಳಿಗ್ಗೆ ಟೋಪಿ ಬಂದು ನನ್ನ ಕಡ್ಡಿ ಆವೃತ್ತಿಯನ್ನು ತೆಗೆದು ಹಳೆಯ ನೀಲಿಯನ್ನು ಹಾಕಿದ. ಬಿಡುಗಡೆಯ ವಾರದಲ್ಲಿ ಎಲ್ಲರೂ ಒಂದನ್ನೇ ಬಳಸಬೇಕಂತೆ. ಸರಿ ಎಂದೆ. ಆಮೇಲೆ ಮನಸ್ಸು ತಡೆಯದೆ ಅಡ್ರೆಸ್ ಬಾರಿನಲ್ಲಿ ಒಂದು ಪ್ರಶ್ನೆ ಹಾಕಿ ಹುಡುಕಿದೆ. ಉಪಯೋಗದ ಉತ್ತರ ಏನೂ ಸಿಗಲಿಲ್ಲ. ನಮ್ಮ ಬ್ರೌಸರಿನಲ್ಲಿ ಹುಡುಕಿದ ಮಾತು ಬಾರಿನಲ್ಲೇ ಉಳಿದುಕೊಳ್ಳುತ್ತದೆ, ನನ್ನ ಪ್ರಶ್ನೆಯೂ ಅಲ್ಲೇ ಕೂತಿತ್ತು.

ಮಧ್ಯಾಹ್ನ ಧೈರ್ಯ ಮಾಡಿ ನಿನ್ನೆಯ ತೀರ್ಪನ್ನು ತೆರೆದು, ಪೂರ್ತಿ ನೀಲಿ ಮಾಡಿಕೊಂಡೆ. ನಕಲಾಯಿತು. ಬ್ರೌಸರಿಗೆ ಬಂದರೆ ಬಾರಿನಲ್ಲಿ ಆ ಪ್ರಶ್ನೆ ಇನ್ನೂ ಹಲ್ಲು ಕಿಸಿಯುತ್ತಿದೆ. ಹಿಂದೆ ಜನ ಓಡಾಡುತ್ತಿದ್ದಾರೆ, ಯಾರಾದರೂ ನೋಡಿದರೆ? ಅಳಿಸಿಬಿಡೋಣವೆಂದು ಸಾಲಿನ ತುದಿಯಲ್ಲಿ ಒಂದು ಕ್ಲಿಕ್ ಮಾಡಿದೆ. ಎರಡು ವಾರದಿಂದ ಕಡ್ಡಿಗೆ ಒಗ್ಗಿಹೋದ ಕೈ, ತುದಿಯಲ್ಲಿ ಕಡ್ಡಿ ನಿಲ್ಲುತ್ತದೆ, ಒಂದೊಂದೇ ಅಕ್ಷರ ಅಳಿಸಿಕೊಂಡು ಬರೋಣ ಎಂದುಕೊಂಡಿತ್ತು. ಅಳಿಸುವ ಗುಂಡಿ ಒಂದು ಸಲ ಒತ್ತಿದ್ದಕ್ಕೇ ಎಲ್ಲವೂ ಅಳಿಸಿತು. ಎಷ್ಟು ಬೇಗ ಹೋಯಿತಲ್ಲ ಎಂದು ಖುಷಿಪಟ್ಟೆ!

ಆಮೇಲೆ ದೂರಿನ ಪುಟಕ್ಕೆ ಹೋಗಿ, ಉತ್ತರದ ಚೌಕದಲ್ಲಿ ಮೌಸಿನ ಗಾಲಿ ಒತ್ತಿದೆ. ಇನ್ನೊಮ್ಮೆ ಓದಿದರೆ ಕಳಿಸಲಾರೆ ಎಂದು ಕಣ್ಣು ಮುಚ್ಚಿಕೊಂಡು 'ಕಳಿಸು' ಒತ್ತಿದೆ.

ಕಣ್ಣು ತೆರೆದಾಗ ಕಂಪನಿಯ ಅಧಿಕೃತ ಮುದ್ರೆಯ ಪಕ್ಕದಲ್ಲಿ, ನನ್ನ ಹುದ್ದೆಯ ಕೆಳಗೆ, ದಪ್ಪಕ್ಷರದಲ್ಲಿ ಇದು ಇತ್ತು:

"ದಿನಾ ಜಗಳವಾಡುವ ಗಂಡಸಿಗೆ ಮದುವೆಯಾಗಿದೆಯೇ ಎಂದು ಅವನನ್ನು ಕೇಳದೆ ತಿಳಿಯುವುದು ಹೇಗೆ"

ಅಳಿಸಲು ಬರುವುದಿಲ್ಲ. ಅಧಿಕೃತ ಉತ್ತರವನ್ನು ಯಾರೂ ಅಳಿಸುವಂತಿಲ್ಲ ಎಂದು ನಿಯಮ ಮಾಡಿಸಿದ್ದವಳು ನಾನೇ. ನೂರಾರು ಜನರಿಗೆ ಮೇಲ್ ಹೋಗಿಯಾಗಿತ್ತು. ಟೋಪಿ ನಿಧಾನವಾಗಿ ಟೋಪಿ ತೆಗೆದ. ಅವನ ತಲೆಯನ್ನು ನಾನು ನೋಡಿದ್ದು ಅದೇ ಮೊದಲು. "ಒಂದು ಕ್ಲಿಕ್ಕಿಗೆ ಎಲ್ಲ ನೀಲಿಯಾಗಿ, ಅದೇ ನಕಲಾಗಿದೆ," ಎಂದ. "ಅರ್ಧವಿರಾಮ ಹೇಳ್ತಿದ್ದಿದ್ದು ಇದನ್ನೇ ಅಲ್ವಾ?"

ಕಾಲಿಗೆ ಬುದ್ಧಿ ಹೇಳಿದೆ. ಮನೆಗೆ ಬಂದು ಮುಸುಕು ಹಾಕಿಕೊಂಡು ಮಲಗಿದೆ. ಅಕ್ಕನಿಗೆ ಮುಸುಕಿನೊಳಗಿಂದಲೇ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ:

"ಆಗಿದ್ಯಂತಾ?"

ಮಾರ್ಚ್ ೨೮, ಶುಕ್ರವಾರ

ಅಕ್ಕ ಹೊದಿಕೆ ಎಳೆದು ಹೊರಗೆ ದಬ್ಬದಿದ್ದರೆ ಆಫೀಸಿಗೆ ಹೋಗುತ್ತಲೇ ಇರಲಿಲ್ಲ. ಪುಟ ತೆರೆಯಲು ಧೈರ್ಯವಿಲ್ಲದೆ ಟೋಪಿಗೆ ಓದಲು ಹೇಳಿದೆ. ಅವನು ಗಂಟಲು ಸರಿಮಾಡಿಕೊಂಡು, ಇಡೀ ಆಫೀಸಿಗೆ ಕೇಳುವಂತೆ ಓದಿದ.

ಹಳೇಮೌಸ್: "ಒಂಬತ್ತು ವರ್ಷದಲ್ಲಿ ಈ ಪುಟಕ್ಕೆ ಬಂದ ಮೊದಲ ಉಪಯುಕ್ತ ಪ್ರಶ್ನೆ." ನೀಲಿ ಪಕ್ಷದ ಒಬ್ಬರು: "ಇದು ವಿಷಯಾಂತರ. ಆದರೂ ಮುಂದುವರಿಸಿ." ಕಡ್ಡಿ ಪಕ್ಷದ ಒಬ್ಬರು: "ನೀಲಿ ಪಕ್ಷದವರ ಮಾತನ್ನು ಜೀವನದಲ್ಲಿ ಮೊದಲ ಸಲ ಅನುಮೋದಿಸುತ್ತೇನೆ." ಹೀಗೆ ಮೂವತ್ತು ನಲವತ್ತು ಜನ. ಎಲ್ಲರೂ ಒಂದೇ ಬಾಯಿ!

"ಅವನು?" ಎಂದೆ.

"ಕೊನೇಲಿದೆ," ಎಂದ ಟೋಪಿ, ಬೇಕೆಂದೇ ನಿಧಾನ ಮಾಡುತ್ತ.

ಅರ್ಧವಿರಾಮ: "ಮಾನ್ಯರೆ, ತಮ್ಮ ವಾಕ್ಯದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಿಟ್ಟುಹೋಗಿದೆ. ಉಳಿದಂತೆ ತಿದ್ದುವಂಥದ್ದೇನೂ ಇಲ್ಲ. ತಿಳಿಯುವ ಸುಲಭ ವಿಧಾನವೆಂದರೆ ಕೇಳುವುದೇ. ಆಗಿಲ್ಲ. ನಾನೂ ಇದೇ ಪ್ರಶ್ನೆಯನ್ನು ಎರಡು ವಾರದಿಂದ ಇಟ್ಟುಕೊಂಡು ಓಡಾಡುತ್ತಿದ್ದೇನೆ, ನಿಮ್ಮಂತೆ ಅಂಟಿಸುವ ಧೈರ್ಯ ಬರಲಿಲ್ಲ. ಸೇತುವೆ ದಾಟಿ ಎಡಕ್ಕೆ ಎರಡನೆಯ ಬೀದಿ, ಹಸಿರು ಬಾಗಿಲಿನ ಮುದ್ರಣಾಲಯ. ಸಂಜೆ ಆರರವರೆಗೆ ಇರುತ್ತೇನೆ. ಇವತ್ತು ಇನ್ನೂ ಸ್ವಲ್ಪ ಹೆಚ್ಚು ಹೊತ್ತು."

ಟೋಪಿ ಇನ್ನೂ ಓದುತ್ತಿದ್ದ. ನನಗೆ 'ಆಗಿಲ್ಲ' ಎಂಬಲ್ಲಿಂದ ಮುಂದೆ ಏನೂ ಕೇಳಿಸದೆ, ಎರಡನೆಯ ಸಲ ಓದಿಸಿದೆ.

ಬಿಸಿನೀರು ಬಾಗಿಲಲ್ಲಿ ನಿಂತಿದ್ದರು. ನಾನು ಸೀದಾ ಹೋಗಿ, "ಸರ್, ತಪ್ಪಾಯ್ತು. ದೂರು ನ್ಯಾಯವಾದದ್ದು, ನನ್ನ ಮೇಲೇ ರುಜುವಾತಾಗಿದೆ. ಕಡ್ಡೀನೇ ಹಾಕಬೇಕು," ಎಂದೆ. ಅವರು ಟೋಪಿಯ ಕಡೆ ನೋಡಿದರು. ಅವನು, "ಒಂದೇ ಸಾಲು ಸರ್," ಎಂದ. ಸರಿ ಎಂದರು.

"ಇನ್ನೊಂದು ಸರ್. ಆ ನಿಯಮ, ದೂರುದಾರರ ಜೊತೆ ಹೊರಗೆ ಮ—"

"ದೂರು ಮುಚ್ಚಿದ ಮೇಲೆ ಅವರು ದೂರುದಾರರೇ ಅಲ್ವಲ್ಲಮ್ಮ," ಎಂದರು. "ಅದಕ್ಕೇ ತಾನೆ ಸೋಮವಾರದಿಂದ ಮುಚ್ಚು ಮುಚ್ಚು ಅಂತ ಬಡ್ಕೊಂಡಿದ್ದು. ಆಫೀಸಿನಲ್ಲಿ ಎಲ್ಲರೂ ನಿನ್ನ ಪುಟ ಓದ್ತಾರೆ."

ಸಾಸಿವೆ ಬಣ್ಣದ ಅಂಗಿ ತೊಟ್ಟುಕೊಂಡೇ ಬಂದಿದ್ದೆ ಎಂಬುದು ಆಗ ಗಮನಕ್ಕೆ ಬಂತು. ಪುಟದಲ್ಲಿ "ಕಡ್ಡಿ ಬರುತ್ತದೆ. ನಾನೂ ಬರುತ್ತೇನೆ" ಎಂದು ಬರೆದೆ, ಕಣ್ಣು ಬಿಟ್ಟುಕೊಂಡು ಓದಿದೆ, ಕಳಿಸಿದೆ, ದೂರನ್ನು ಮುಚ್ಚಿದೆ. ಒಂಬತ್ತು ವರ್ಷದ ಜಗಳ ಮುಗಿಯಿತು, ಟೋಪಿ ಚಪ್ಪಾಳೆ ಹೊಡೆದ.

ಮಾರ್ಚ್ ೨೮, ಅದೇ ದಿನ, ಮುದ್ರಣಾಲಯದಲ್ಲಿ

ಬೇಗ ಬೇಗ ಬರೆಯುತ್ತಿದ್ದೇನೆ, ಅವನು ಒಳಗೆ ಹೋಗಿದ್ದಾನೆ, ಈಗ ಬರುತ್ತಾನೆ.

ಹಸಿರು ಬಾಗಿಲು ತಳ್ಳಿದಾಗ ಕಾಗದದ ಕಟ್ಟುಗಳ ನಡುವೆ ನಿಂತಿದ್ದ. ನಾನಂದುಕೊಂಡಿದ್ದಕ್ಕಿಂತ ಕುಳ್ಳ. ಹಣೆಯ ಮೇಲೆ ಒಂದು ಕನ್ನಡಕ, ಮೂಗಿನ ಮೇಲೆ ಇನ್ನೊಂದು, ಅಂಗಿಯ ತೋಳಿಗೆ ಕೆಂಪು ಶಾಯಿ. ಕುರ್ಚಿ ತೋರಿಸಿದ. ಕೂತೆ. ಅವನೂ ಕೂತ. ಆಮೇಲೆ ಮಾತೇ ಇಲ್ಲ!

ಎಂಥ ಗಾಬರಿಯಾಯಿತು ಎಂದು ಹೇಳಲಾರೆ. ಜಗಳ ಮುಗಿದಿದೆ, ಅವನ ಮಾತೇ ನಡೆದಿದೆ, ಇನ್ನು ನಮ್ಮ ನಡುವೆ ಆಡಲು ಉಳಿದಿರುವುದಾದರೂ ಏನು? ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ತೆಗೆದ. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಪೂರ್ತಿ ಓದಿ ಮುಗಿಸಿದೆ. ಎದ್ದು ಹೋಗಿಬಿಡೋಣ, ಇದೊಂದು ತಪ್ಪಾಯಿತು, ಎಲ್ಲ ಅಳಿಸಿಬಿಡೋಣ ಎನಿಸಿತು. ಎದ್ದೂಬಿಟ್ಟಿದ್ದೆ. ಆದರೆ ಕಾಲು ಬಾಗಿಲ ಕಡೆ ಹೋಗಲಿಲ್ಲ. ಮತ್ತೆ ಕೂತು, "ನಿಮಗೆ ಖುಷಿಯಾಗಿರಬೇಕು. ಸೋಮವಾರದಿಂದ ಕಡ್ಡಿ ಬರುತ್ತೆ," ಎಂದೆ.

ಅವನ ಮುಖ ಬಾಡಿಹೋಯಿತು.

"ಅದನ್ನೇ ಕೇಳೋಣ ಅಂತಿದ್ದೆ," ಎಂದ. "ಯಾಕ್ರೀ ಬದಲಾಯಿಸಿದ್ರಿ?"

"ಏನಂದ್ರಿ?"

"ನಿಮ್ಮ ವಾದ ಒಡೆಯೋಣ ಅಂತ ಹಟ ಹಿಡಿದು, ಇನ್ನೊಂದು ಸಲ ಒತ್ತಿ ಕಡ್ಡಿ ತರಿಸ್ಕೊಳ್ಳೋದು ಬಿಟ್ಟು, ಎರಡು ವಾರ ನೀಲೀನೇ ಬಳಸಿದೆ. ಒಂದು ಕ್ಲಿಕ್, ಎಲ್ಲ ಹೋಯ್ತು, ಹೊಸದಾಗಿ ಶುರು. ಎಂಥ ಸುಖ ಅದು! ಇಪ್ಪತ್ತು ವರ್ಷ ಒಂದೊಂದೇ ಅಕ್ಷರ ತಿದ್ದಿದೀನಿ ನಾನು. ಈಗ ನನಗೆ ನೀಲಿ ಇಲ್ದೆ ಆಗಲ್ಲ."

"ಎಸ್ಕೇಪ್ ಕೇಳಿದ ಆ ಸ್ನೇಹಿತರು?"

"ನಾನೇ."

"ರೀ, ಒಂದಕ್ಷರ ತಪ್ಪಿದ್ರೆ ಇಡೀದನ್ನ ಯಾಕ್ರೀ ಅಳಿಸ್ಬೇಕು?" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಅಲ್ಲೇ ಕಡ್ಡಿ ಇಟ್ಟು ಸರಿಮಾಡ್ಕೊಳೋಕೆ ಏನು ಕಷ್ಟ?"

"ಅದೆಲ್ಲ ನಾನು ಹೇಳ್ತಿದ್ದ ಮಾತು!"

"ಹೇಳ್ತಿದ್ರಿ, ಸರಿಯಾಗಿ ಹೇಳ್ತಿರ್ಲಿಲ್ಲ!"

ಅವನು ಎದ್ದು ನಿಂತ, ನಾನೂ ಎದ್ದು ನಿಂತೆ, ಇಬ್ಬರ ಮುಖವೂ ಕೆಂಪಾಗಿತ್ತು, ನನಗಂತೂ ಕುಣಿಯುವಷ್ಟು ಸಂತೋಷವಾಯಿತು. ಸೋಮವಾರ ಬೆಳಿಗ್ಗೆಯೇ ನಿಮ್ಮ ಮೇಲೆ ಹೊಸ ದೂರು ಹಾಕುತ್ತೇನೆ ಎಂದ. ಹಾಕಿ ನೋಡಿ, ಒಂಬತ್ತು ವರ್ಷ ಮುಚ್ಚುವುದಿಲ್ಲ ಎಂದೆ. ಈಗ ನೀಲಿಯೇ ಮೇಲು ಎಂದು ತೋರಿಸಿಕೊಡಲು ತನ್ನ ಕಂಪ್ಯೂಟರ್ ತರಲು ಒಳಗೆ ಹೋಗಿದ್ದಾನೆ. ಅದರ ವೈರು ಎಲ್ಲೋ ಸಿಕ್ಕಿಕೊಂಡಿರಬೇಕು, ಬೈಯುತ್ತಿರುವುದು ಕೇಳಿಸುತ್ತಿದೆ. ಬೈಯುವುದೂ ಸಭ್ಯವಾಗಿಯೇ.

ಈ ಮಧ್ಯೆ ಅಕ್ಕನ ಫೋನು.

"ಏನೇ, ಊಟಕ್ಕೆ ಕಾಯ್ಲಾ?"

"ಬೇಡ. ಇಲ್ಲಿ ದೊಡ್ಡ ಜಗಳ ನಡೀತಿದೆ."

ಅವಳ ಮೂಗು ಕಟ್ಟಿದಂತೆ ಕೇಳಿಸಿತು.

"ಗೆದ್ದುಗಿದ್ದುಬಿಟ್ಟೀಯ ಕಣೇ," ಎಂದಳು. "ಹುಷಾರು."